ಕಟ್ಟದೇ ಉಳಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳಿಲ್ಲ

ಪ್ರತಿ ವರ್ಷ ಜೂನ್ ಬಂತೆಂದರೆ ಕನ್ನಡದಲ್ಲಿ ಒಂದು ಬಗೆಯ ಬರಹ ಮಳೆಯ ಜೊತೆಗೇ ಮೊಳೆಯುತ್ತದೆ. ಮಲೆನಾಡಿನದ್ದೋ ಕರಾವಳಿಯದ್ದೋ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಈ ಸಲ ದಾಖಲಾತಿ ಸೊನ್ನೆ. ಬಾಗಿಲಿಗೆ ಬೀಗ, ಅಂಗಳದಲ್ಲಿ ಹುಲ್ಲು. ಅದೇ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ ಇರುವವರೊಬ್ಬರು ತಮ್ಮ ಮೇಷ್ಟ್ರನ್ನು, ಅವರ ಬೆತ್ತವನ್ನು, ಮಧ್ಯಾಹ್ನದ ಉಪ್ಪಿಟ್ಟನ್ನು ನೆನೆದು ಬರೆಯುತ್ತಾರೆ. ಕೆಳಗೆ ನೂರು ಜನ ತಮ್ಮ ತಮ್ಮ ಶಾಲೆಗಳನ್ನು ನೆನೆಯುತ್ತಾರೆ. 2018ರಲ್ಲಿ ಬಂದ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಸಿನಿಮಾ ಅಷ್ಟು ಜನರನ್ನು ಮುಟ್ಟಿದ್ದಕ್ಕೂ ಈ ನೆನಪೇ ಕಾರಣ. ಮುಚ್ಚಲು ಹೊರಟ ಶಾಲೆಯನ್ನು ಉಳಿಸಿಕೊಳ್ಳುವ ಕತೆ ನಮಗೆ ಸಲೀಸಾಗಿ ಅರ್ಥವಾಗುತ್ತದೆ.

ಈ ಬರಹಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವುಗಳಿಂದಾಗಿ ನಮ್ಮ ಕಣ್ಣಿಗೆ ಬೀಳದೇ ಹೋಗುವ ಇನ್ನೊಂದು ಸಂಗತಿಯ ಬಗ್ಗೆ. ಮುಚ್ಚಿದ ಶಾಲೆಗೆ ಹಳೆಯ ವಿದ್ಯಾರ್ಥಿಗಳಿರುತ್ತಾರೆ, ಅವರಲ್ಲಿ ಒಬ್ಬಿಬ್ಬರಾದರೂ ಬರೆಯುವವರಿರುತ್ತಾರೆ. ಕಟ್ಟಬೇಕಿದ್ದು ಕಟ್ಟದೇ ಹೋದ ಶಾಲೆಗೆ ಯಾರಿದ್ದಾರೆ? ಅದರ ಗಂಟೆಯ ಸದ್ದು ಯಾರ ಕಿವಿಯಲ್ಲೂ ಇಲ್ಲ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಬೆಂಗಳೂರಿನ ಸುತ್ತ ಹೀಗೆ ಹುಟ್ಟದೇ ಹೋದ ಸರ್ಕಾರಿ ಶಾಲೆಗಳು ನೂರಾರು. ಅವುಗಳ ಬಗ್ಗೆ ಒಂದು ಕತೆಯಾಗಲಿ, ಒಂದು ಲಲಿತ ಪ್ರಬಂಧವಾಗಲಿ ನಾನು ಓದಿಲ್ಲ.

ನೂರಾರು ಎಂದದ್ದು ಬಾಯಿಗೆ ಬಂದ ಮಾತಲ್ಲ, ಲೆಕ್ಕ ಹಾಕಿ ನೋಡಬಹುದು. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.37 ಲಕ್ಷ, 2011ರಲ್ಲಿ 96.21 ಲಕ್ಷ. ಹತ್ತು ವರ್ಷದಲ್ಲಿ ಸುಮಾರು 30.8 ಲಕ್ಷ ಜನ ಹೆಚ್ಚಾದರು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2014ರಲ್ಲಿ ಹೊರತಂದ ನಗರ ಯೋಜನಾ ಮಾರ್ಗಸೂಚಿ 5,000 ಜನಕ್ಕೆ ಒಂದು ಪ್ರಾಥಮಿಕ ಶಾಲೆ ಇರಬೇಕು ಎನ್ನುತ್ತದೆ, ಅದಕ್ಕೆ 0.4 ಹೆಕ್ಟೇರ್ ಜಾಗ, ಅಂದರೆ ಹೆಚ್ಚುಕಡಿಮೆ ಒಂದು ಎಕರೆ. ಭಾಗಿಸಿ ನೋಡಿ. ಆ ಒಂದು ದಶಕಕ್ಕೇ 600ಕ್ಕಿಂತ ಹೆಚ್ಚು ಹೊಸ ಪ್ರಾಥಮಿಕ ಶಾಲೆಗಳು ಬೇಕಿದ್ದವು. ವಾರಕ್ಕೆ ಒಂದಕ್ಕಿಂತ ಜಾಸ್ತಿ. ಈ ಪತ್ರಿಕೆ ವಾರಕ್ಕೊಂದು ಪ್ರಬಂಧ ಹಾಕುವ ಹೊತ್ತಿಗೆ ಈ ಊರು ಒಂದೊಂದು ಶಾಲೆ ತೆರೆಯುತ್ತಾ ಹೋಗಬೇಕಿತ್ತು. ಎಲ್ಲವೂ ಸರ್ಕಾರಿಯೇ ಆಗಬೇಕೆಂದಿಲ್ಲ, ಅರ್ಧ ಜನ ಖಾಸಗಿಗೇ ಹೋಗುತ್ತಾರೆ ಅಂತಿಟ್ಟುಕೊಳ್ಳೋಣ. ಆಗಲೂ ಹದಿನೈದು ದಿನಕ್ಕೊಂದು ಸರ್ಕಾರಿ ಶಾಲೆ. ಬೆಂಗಳೂರಿನಲ್ಲಿ ಹೊಸ ಮಾಲ್‌ಗಳು ತೆರೆದದ್ದು ನಿಮಗೆ ನೆನಪಿರುತ್ತದೆ, ಫ್ಲೈಓವರ್ ಉದ್ಘಾಟನೆಗಳೂ ನೆನಪಿರುತ್ತವೆ. ಹೊಸ ಸರ್ಕಾರಿ ಶಾಲೆಯೊಂದು ಹೊಸ ಜಾಗದಲ್ಲಿ ಶುರುವಾದದ್ದು ನೆನಪಿದೆಯೇ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಸಿಗುವ ಉತ್ತರ ಒಂದೇ: 'ಇರುವ ಶಾಲೆಗೇ ಮಕ್ಕಳು ಬರ್ತಿಲ್ಲ, ಹೊಸದು ಯಾಕೆ?' ಅಧಿಕಾರಿಗಳು ಹೇಳುತ್ತಾರೆ, ರಾಜಕಾರಣಿಗಳು ಹೇಳುತ್ತಾರೆ. ವಿಚಾರ ಸಂಕಿರಣದ ಊಟದ ಸಾಲಿನಲ್ಲಿ ನನ್ನದೇ ವಿಭಾಗದ ಗೆಳೆಯರೂ ಹೇಳಿದ್ದಾರೆ. ನನ್ನ ಜಗಳ ಈ ವಾಕ್ಯದ ಜೊತೆ. ಈ ವಾಕ್ಯದಲ್ಲಿ ಶಾಲೆ ಒಂದು ಕಡೆ ಇದೆ, ಮಕ್ಕಳು ಇನ್ನೊಂದು ಕಡೆ ಇದ್ದಾರೆ. ಅವೆರಡನ್ನೂ ಒಂದೇ ಊರಿನವು ಎಂಬಂತೆ ಮಾತಾಡಲಾಗುತ್ತಿದೆ.

ಸರ್ಕಾರ ಶಾಲೆಯ ಅಗತ್ಯವನ್ನು ಅಳೆಯುವುದು ದಾಖಲಾತಿಯಿಂದ. ಯುಡೈಸ್ ಎಣಿಸುವುದು ಶಾಲೆಗಳನ್ನು, ಅವುಗಳಲ್ಲಿ ಹೆಸರು ಹಚ್ಚಿರುವ ಮಕ್ಕಳನ್ನು. ನಮ್ಮ ರಾಜ್ಯದ ಸ್ಯಾಟ್ಸ್ ಜಾಡು ಹಿಡಿಯುವುದೂ ಒಮ್ಮೆ ದಾಖಲಾದ ಮಗುವನ್ನೇ. ಶಿಕ್ಷಕರ ಹುದ್ದೆ, ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ, ಕೊಠಡಿ ಮಂಜೂರಾತಿ, ಎಲ್ಲಕ್ಕೂ ಆಧಾರ ಈ ಅಂಕಿಯೇ. ಕೇಳಲು ಸರಿಯಾಗಿಯೇ ಇದೆ. ಆದರೆ ಶಾಲೆಯೇ ಇಲ್ಲದ ಕಡೆ ದಾಖಲಾತಿ ಎಲ್ಲಿಂದ ಬರಬೇಕು? ಬಸ್ಸೇ ಓಡದ ಮಾರ್ಗದಲ್ಲಿ ಟಿಕೆಟ್ ಮಾರಾಟ ಎಣಿಸಿ 'ಇಲ್ಲಿ ಪ್ರಯಾಣಿಕರಿಲ್ಲ' ಎಂದು ಷರಾ ಬರೆದ ಹಾಗೆ ಇದು. ಬಾಗಿಲೊಳಗೆ ಬಂದವರನ್ನಷ್ಟೇ ಎಣಿಸುವ ಪದ್ಧತಿಗೆ ಬಾಗಿಲೇ ಇಲ್ಲದ ಬೀದಿ ಕಾಣುವುದಿಲ್ಲ.

ಕಾನೂನು ಹಾಗೆ ಹೇಳಿಲ್ಲ ಎಂಬುದು ಇನ್ನೂ ಸೋಜಿಗ. 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಟ್ಟುಕೊಳ್ಳುವುದು ಅದರಲ್ಲಿ ಒಂದು. ಗಮನಿಸಿ, ವಾಸಿಸುವ ಮಕ್ಕಳು, ದಾಖಲಾದ ಮಕ್ಕಳಲ್ಲ. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಪ್ರವೇಶ ಖಾತ್ರಿಪಡಿಸುವುದೂ ಅದೇ ಪಟ್ಟಿಯಲ್ಲಿದೆ. ನನ್ನ ಸಂಶೋಧನೆಗೆ ಬೇಕಾಗಿ ನಗರದ ಒಂದು ಕಚೇರಿಗೆ ಹೋಗಿ ಈ ದಾಖಲೆ ನೋಡಬಹುದೇ ಎಂದು ಕೇಳಿದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಟೀ ಕೊಟ್ಟರು. 'ಅದೆಲ್ಲಾ ಯುಡೈಸ್‌ನಲ್ಲಿ ಸಿಗುತ್ತಲ್ಲ ಮೇಡಂ' ಅಂದರು. ಯುಡೈಸ್‌ನಲ್ಲಿ ಇರುವುದು ಶಾಲೆಗೆ ಬಂದ ಮಕ್ಕಳಲ್ಲವೇ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, 'ಬರದೇ ಇರೋರನ್ನ ನಾವು ಹೇಗೆ ಎಣಿಸೋದು?' ಎಂದು ಕೇಳಿದರು. ಅದು ತಮಾಷೆಯ ಮಾತಾಗಿರಲಿಲ್ಲ. ಅವರಿಗೆ ಆ ಕೆಲಸಕ್ಕೆ ಜನವಿಲ್ಲ, ದುಡ್ಡಿಲ್ಲ. ಮೇಲಿನಿಂದ ಯಾರೂ ಅದನ್ನು ಕೇಳಿಯೂ ಇಲ್ಲ.

ಎರಡನೆಯ ಸುಳ್ಳು ದೂರದ್ದು. ಮಗುವಿನ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ, ಮೂರು ಕಿಲೋಮೀಟರ್ ಒಳಗೆ ಹಿರಿಯ ಪ್ರಾಥಮಿಕ ಶಾಲೆ ಇರಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಹಳ್ಳಿಗಾಡಿನ ಮಕ್ಕಳು ಹಳ್ಳ ದಾಟಿ ನಡೆಯುತ್ತಿದ್ದ ಕಾಲದ ನೋವಿನಿಂದ ಹುಟ್ಟಿದ ನಿಯಮ ಅದು, ಒಳ್ಳೆಯದೇ. ಅದನ್ನು ನಗರಕ್ಕೆ ತಂದಾಗ ಏನಾಗುತ್ತದೆ ನೋಡಿ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 3.14 ಚದರ ಕಿಲೋಮೀಟರ್. 2011ರಲ್ಲಿ ಕರ್ನಾಟಕದ ಸರಾಸರಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 319. ಅಂದರೆ ಆ ವೃತ್ತದೊಳಗೆ ಸುಮಾರು 1,000 ಜನ, ಅವರಿಗೆ ಒಂದು ಶಾಲೆ. ಬೆಂಗಳೂರು ನಗರ ಜಿಲ್ಲೆಯ ಸಾಂದ್ರತೆ 4,381. ಅದೇ ವೃತ್ತದೊಳಗೆ ಸುಮಾರು 13,750 ಜನ, ಅವರಿಗೂ ಒಂದು ಶಾಲೆ. ನಿಯಮ ಎರಡೂ ಕಡೆ ಪಾಲನೆಯಾಗಿದೆ. ಕಡತದಲ್ಲಿ ಎರಡೂ ಕಡೆ 'ಲಭ್ಯವಿದೆ' ಎಂಬ ಗುರುತು ಬೀಳುತ್ತದೆ. ಇದಾದರೂ ಇಡೀ ಜಿಲ್ಲೆಯ ಸರಾಸರಿ, ಅದರಲ್ಲಿ ಆನೇಕಲ್ಲಿನ ಹೊಲ, ತೋಟ, ಕಾಡಂಚುಗಳೆಲ್ಲ ಸೇರಿವೆ. ನಗರದೊಳಗಿನ ಒತ್ತೊತ್ತಾದ ಬಡಾವಣೆಯ ಮೇಲೆ ಇದೇ ವೃತ್ತವನ್ನು ಎಳೆದರೆ ಆ ಸಂಖ್ಯೆ ಎಲ್ಲಿಗೆ ಹೋಗುತ್ತದೋ ನೀವೇ ಊಹಿಸಿ.

ಶಾಲೆ ಇದೆಯೇ ಎಂದು ಕೇಳುವುದಕ್ಕೂ ಶಾಲೆಯಲ್ಲಿ ಜಾಗ ಇದೆಯೇ ಎಂದು ಕೇಳುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ಸರ್ಕಾರ 2019ರಲ್ಲಿ ಬಹಳ ಚೆನ್ನಾಗಿ ಬಳಸಿಕೊಂಡಿತು. ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಂ ಪ್ರಕಾರ ಖಾಸಗಿ ಶಾಲೆಗಳು ಶೇ. 25ರಷ್ಟು ಸೀಟುಗಳನ್ನು ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕಿತ್ತು. ಕರ್ನಾಟಕ ತನ್ನ ನಿಯಮಗಳನ್ನು ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಖಾಸಗಿ ಶಾಲೆಗೆ ಆ ಬಾಧ್ಯತೆ ಇಲ್ಲ ಎಂದಿತು. ಸರ್ಕಾರಿ ಶಾಲೆಗಳನ್ನು ಉಳಿಸಲೆಂದೇ ಹೀಗೆ ಮಾಡಿದೆವು ಎಂಬುದು ಸಮರ್ಥನೆ. ಖಾಸಗಿ ಶಾಲೆಗೆ ಸರ್ಕಾರದ ಹಣ ಯಾಕೆ ಕೊಡಬೇಕು ಎಂಬ ಮಾತು ನನಗೂ ಒಪ್ಪಿಗೆಯೇ. ಹಾಗಿದ್ದರೆ ಆ ಹಣವನ್ನು, ಆ ಮಕ್ಕಳನ್ನು ಲೆಕ್ಕ ಹಾಕಿ, ಅದೇ ನೆರೆಹೊರೆಯ ಸರ್ಕಾರಿ ಶಾಲೆಗೆ ಅಷ್ಟು ಕೊಠಡಿ, ಅಷ್ಟು ಶಿಕ್ಷಕರನ್ನು ಮೊದಲು ಕೊಡಬೇಕಿತ್ತು. ನಿಯಮ ಕೇಳಿದ್ದು ಶಾಲೆ ಇದೆಯೇ ಎಂದು ಮಾತ್ರ. ಅಲ್ಲಿ ಎಷ್ಟು ಮಕ್ಕಳು ಕೂರಬಹುದು ಎಂದು ಕೇಳಲಿಲ್ಲ. ಎರಡು ಕೊಠಡಿಯ ಶಾಲೆಯೊಂದು ಇಡೀ ನೆರೆಹೊರೆಯ ಖಾಸಗಿ ಶಾಲೆಗಳ ಬಾಧ್ಯತೆಯನ್ನು ಕಳೆದುಬಿಟ್ಟಿತು.

ಅಂಥ ಶಾಲೆಯೊಂದಕ್ಕೆ ನಾನು ಒಂದೂವರೆ ವರ್ಷ ಹೋಗಿ ಬರುತ್ತಿದ್ದೆ. ನಗರದ ಪೂರ್ವಕ್ಕೆ, 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಹೆಸರು ಬೇಡ. ಹಳ್ಳಿಯಾಗಿದ್ದಾಗ ಊರಿನ ಗೌಡರೊಬ್ಬರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದಲ್ಲಿ ಕಟ್ಟಿದ್ದು. ಹೆಂಚಿನ ಮಾಡಿನ ಹಳೆಯ ಸಾಲು, ಪಕ್ಕದಲ್ಲಿ ಯಾವುದೋ ಅನುದಾನದ ಆರ್‌ಸಿಸಿ ಕೊಠಡಿ ಎರಡು, ಒಂದು ಹೊಂಗೆ ಮರ. ಈಗ ಅದರ ಮೂರು ದಿಕ್ಕಿಗೂ ಅಪಾರ್ಟ್‌ಮೆಂಟ್. ನಾಲ್ಕನೆಯ ದಿಕ್ಕಿನ ಖಾಲಿ ಸೈಟುಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳು. ಅಪಾರ್ಟ್‌ಮೆಂಟ್ ಕಟ್ಟಿದವರು, ಅದರೊಳಗೆ ನೆಲ ಒರೆಸುವವರು, ಗೇಟು ಕಾಯುವವರು, ಊಟ ತಲುಪಿಸುವವರು ಇರುವುದು ಅಲ್ಲಿ. ಯಾದಗಿರಿ, ರಾಯಚೂರು, ಕಲಬುರಗಿಯವರು, ಜೊತೆಗೆ ಬಂಗಾಳ, ಒಡಿಶಾ, ಬಿಹಾರದವರು.

ಈ ಶಾಲೆಯಲ್ಲಿ ಮಕ್ಕಳು ಕಡಿಮೆ ಎಂದು ಯಾರೂ ಹೇಳಲಾರರು. ಒಂದು, ಎರಡು, ಮೂರನೆಯ ತರಗತಿ ನಲಿ-ಕಲಿ ಹೆಸರಿನಲ್ಲಿ ಒಂದೇ ಕೋಣೆಯಲ್ಲಿ. ನಲಿ-ಕಲಿ ಹುಟ್ಟಿದ್ದು ತೊಂಬತ್ತರ ದಶಕದಲ್ಲಿ ಎಚ್.ಡಿ. ಕೋಟೆಯ ಕಡೆ, ಕೆಲವೇ ಮಕ್ಕಳಿರುವ, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಹಳ್ಳಿ ಶಾಲೆಗಳಿಗಾಗಿ. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತು, ತಮ್ಮದೇ ವೇಗದಲ್ಲಿ ಕಾರ್ಡು ಎತ್ತಿಕೊಂಡು ಕಲಿಯುವುದು ನಿಜಕ್ಕೂ ಚಂದ. ಇಲ್ಲಿ ಗುಂಪು ಮಾಡಲು ನೆಲವೇ ಇಲ್ಲ. ಕಾರ್ಡುಗಳ ಟ್ರೇ ಇಡುವ ಜಾಗದಲ್ಲಿ ಮಕ್ಕಳ ಚೀಲಗಳ ರಾಶಿ. ಮುಖ್ಯಶಿಕ್ಷಕಿ ನನಗೆ ಹೇಳಿದ್ದು: 'ಇನ್ನೂ ಬರ್ತಾರೆ ಅಮ್ಮಾ, ದಸರಾ ಆದಮೇಲೆ ಇನ್ನೂ ಬರ್ತಾರೆ. ಇಲ್ಲ ಅನ್ನೋಕೆ ಕಾನೂನಿಲ್ಲ, ಕೂರಿಸೋಕೆ ಜಾಗ ಇಲ್ಲ.' ದಸರಾ ಆದಮೇಲೆ ಯಾಕೆಂದರೆ ಉತ್ತರ ಕರ್ನಾಟಕದ ಕುಟುಂಬಗಳು ಮುಂಗಾರಿನ ಕೆಲಸ ಮುಗಿಸಿ ಬರುವುದು ಆಗ. ಇಲಾಖೆ ಶಿಕ್ಷಕರ ಲೆಕ್ಕ ಹಾಕುವಾಗ ಇವರಿನ್ನೂ ಊರಲ್ಲಿರುತ್ತಾರೆ. ಬಂದ ಮೇಲೆ ಜಾಗ ಸಿಕ್ಕಿದವರು ಕೂರುತ್ತಾರೆ. ಸಿಗದವರ ಅಕ್ಕಂದಿರು ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾರೆ. ಆ ಅಕ್ಕಂದಿರಿಗೂ ಒಂಬತ್ತು ಹತ್ತು ವರ್ಷ.

ಈ ಶಾಲೆಯ ಜಾಗದ ಪತ್ರ ಈವರೆಗೂ ಇಲಾಖೆಯ ಹೆಸರಿನಲ್ಲಿಲ್ಲ. ಗೌಡರ ಮೊಮ್ಮಕ್ಕಳು ಆಗಾಗ ಬಂದು ಕಾಂಪೌಂಡ್ ಅಳೆದು ಹೋಗುತ್ತಾರಂತೆ. ಅವರನ್ನೂ ಬೈಯಲು ನನಗೆ ಮನಸ್ಸಿಲ್ಲ, ಎಕರೆಗೆ ಕೋಟಿಗಟ್ಟಲೆ ಬಾಳುವ ಜಾಗದ ಎದುರು ಅಜ್ಜನ ಬಾಯಿಮಾತು ಎಷ್ಟು ದಿನ ನಿಂತೀತು? ನಾಡಿನಲ್ಲಿ ಹೀಗೆ ದಾನದ ನೆಲದ ಮೇಲೆ ಪತ್ರವಿಲ್ಲದೆ ನಿಂತಿರುವ ಸರ್ಕಾರಿ ಶಾಲೆಗಳು ಬಹಳ. ಹಳ್ಳಿಯಲ್ಲಿ ಅದು ತೊಂದರೆಯಾಗಲಿಲ್ಲ. ಹಳ್ಳಿ ನಗರವಾದ ದಿನ ಅದೇ ದೊಡ್ಡ ತೊಂದರೆ.

ಇಡೀ ಸಮಸ್ಯೆ ಕೊನೆಗೆ ಬಂದು ನಿಲ್ಲುವುದೂ ನೆಲದ ಬಳಿ. ಶಿಕ್ಷಕರನ್ನು ಮುಂದಿನ ವರ್ಷ ನೇಮಿಸಬಹುದು. ಕೊಠಡಿಯನ್ನು ಎರಡು ವರ್ಷ ಬಿಟ್ಟು ಕಟ್ಟಬಹುದು. ಬಡಾವಣೆ ಹಂಚಿ ಮುಗಿದ ಮೇಲೆ ಒಂದು ಎಕರೆ ನೆಲ ಮಾತ್ರ ಯಾವ ಬಜೆಟ್ಟಿನಿಂದಲೂ ಹುಟ್ಟುವುದಿಲ್ಲ. ಅದನ್ನು ನಕ್ಷೆಯ ಮೇಲೆ ಗೆರೆ ಎಳೆಯುವಾಗಲೇ ತೆಗೆದಿಡಬೇಕು. ಹಾಗೆ ತೆಗೆದಿಡುವ ಕಾನೂನೂ ನಮ್ಮಲ್ಲಿದೆ. ಸಿಎ ಸೈಟು, ಅಂದರೆ ನಾಗರಿಕ ಸೌಲಭ್ಯ ನಿವೇಶನ ಎಂಬ ಮಾತು ಬೆಂಗಳೂರಿನ ಆಟೋ ಚಾಲಕರಿಗೂ ಗೊತ್ತು. ಸಂಕಟ ಇರುವುದು ಬಿಡಿಎ ಕಾಯ್ದೆ ನಾಗರಿಕ ಸೌಲಭ್ಯಕ್ಕೆ ಕೊಡುವ ಅಗಲವಾದ ಅರ್ಥದಲ್ಲಿ. ಅಂಚೆ ಕಚೇರಿ, ಬ್ಯಾಂಕು, ಮಾರುಕಟ್ಟೆ, ಧಾರ್ಮಿಕ ಸಾಂಸ್ಕೃತಿಕ ಕೇಂದ್ರ, ಶಾಲೆ ಎಲ್ಲವೂ ಅದರೊಳಗೇ. ಸರ್ಕಾರ ನಡೆಸುವ ಶಾಲೆಯೂ ಟ್ರಸ್ಟೊಂದು ನಡೆಸುವ ಶಾಲೆಯೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿವೆ. 1989ರ ನಿಯಮಗಳ ಪ್ರಕಾರ ನೋಂದಾಯಿತ ಸಂಸ್ಥೆಗಳು ಅರ್ಜಿ ಹಾಕಿ ಈ ಸೈಟುಗಳನ್ನು 30 ವರ್ಷದ ಗುತ್ತಿಗೆಗೆ ಪಡೆಯಬಹುದು. ಅರ್ಜಿ ಹಾಕುವವರು ಚುರುಕಾಗಿರುತ್ತಾರೆ, ಅವರ ಹಿಂದೆ ಮಠವೋ ಶಾಸಕರೋ ಜಾತಿ ಸಂಘವೋ ಇರುತ್ತದೆ. ಶಿಕ್ಷಣ ಇಲಾಖೆಯ ಪರವಾಗಿ ಓಡಾಡುವವರು ಯಾರು? ಹೀಗೆ ಸಾರ್ವಜನಿಕ ನೆಲದ ಮೇಲೆ ಶಾಲೆಗಳು ಎದ್ದವು, ಚೆನ್ನಾಗಿಯೇ ಎದ್ದವು. ಶೆಡ್ಡಿನ ಮಗುವಿಗೆ ಅವುಗಳ ಗೇಟಿನ ಒಳಗೆ ದಾರಿಯಿಲ್ಲ, ಅಷ್ಟೆ.

ಸಾರ್ವಜನಿಕ ನೆಲವನ್ನು ಹೀಗೆ ಅಡ್ಡದಾರಿ ಹಿಡಿಸಬಾರದು ಎಂದು ಸುಪ್ರೀಂ ಕೋರ್ಟು ಹೇಳಿದ್ದು ಬೆಂಗಳೂರಿನದ್ದೇ ಮೊಕದ್ದಮೆಯಲ್ಲಿ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು, 1991ರಲ್ಲಿ ಗೆದ್ದರು. ಕಾನೂನು ಓದುವವರಿಗೆ ಆ ತೀರ್ಪು ಇವತ್ತಿಗೂ ಪಾಠ. ಅಲ್ಲಿ ಪಾರ್ಕಿಗಾಗಿ ಹೋರಾಡಲು ಆ ಬಡಾವಣೆಯಲ್ಲೇ ಜನರಿದ್ದರು. ಸರ್ಕಾರಿ ಶಾಲೆ ಬೇಕಾದವರು ಬಡಾವಣೆಯ ಸೈಟುದಾರರಲ್ಲ, ಅವರ ಮನೆಗೆಲಸದವರು. ಅವರಿಗೆ ನಿವಾಸಿಗಳ ಸಂಘದಲ್ಲಿ ಸದಸ್ಯತ್ವವಿಲ್ಲ.

ಬಿಡಿಎ ಬಡಾವಣೆಗಳಲ್ಲಿ ಸಿಎ ಸೈಟು ಎಂಬುದಾದರೂ ಇದೆ. ರೆವಿನ್ಯೂ ಜಾಗದಲ್ಲಿ ಹೊಲವನ್ನು ಕತ್ತರಿಸಿ ಮಾರಿದ ಕಡೆಗಳಲ್ಲಿ, ಬಿ ಖಾತಾದ ಆ ಲೆಕ್ಕವಿಲ್ಲದ ಬೀದಿಗಳಲ್ಲಿ, ಅದೂ ಇಲ್ಲ. ರಸ್ತೆಗೇ ಜಾಗ ಬಿಡದವರು ಶಾಲೆಗೆ ಬಿಡುತ್ತಾರೆಯೇ?

'ಬೆಂಗಳೂರಿನಲ್ಲಿ ನೆಲಕ್ಕೆ ಚಿನ್ನದ ಬೆಲೆ, ಸರ್ಕಾರ ಎಲ್ಲಿಂದ ತರಬೇಕು' ಎನ್ನುವವರಿಗೆ ಒಂದು ಲೆಕ್ಕ. ಆ ದಶಕಕ್ಕೆ ಬೇಕಿದ್ದ 600 ಚಿಲ್ಲರೆ ಶಾಲೆಗಳಿಗೆ ಬೇಕಾದದ್ದು 600 ಚಿಲ್ಲರೆ ಎಕರೆ. ನಾಡಪ್ರಭು ಕೆಂಪೇಗೌಡ ಬಡಾವಣೆ ಒಂದಕ್ಕೇ ಸರ್ಕಾರ ಅಧಿಸೂಚನೆ ಹೊರಡಿಸಿದ್ದು ಸುಮಾರು 4,000 ಎಕರೆಗೆ. ಮನೆ ಸೈಟಿಗೆಂದು ರೈತರಿಂದ ನೆಲ ತೆಗೆದುಕೊಳ್ಳುವ ಶಕ್ತಿಯಿರುವ ಸರ್ಕಾರಕ್ಕೆ ಶಾಲೆಗೆ ಅದರ ಆರನೆಯ ಒಂದು ಭಾಗ ಸಿಗುವುದಿಲ್ಲ ಎಂದರೆ ನಂಬುವುದು ಕಷ್ಟ.

ಇನ್ನು ಜನಸಂಖ್ಯೆಯ ಮಾತು. ಸ್ವಲ್ಪ ಓದಿಕೊಂಡವರು ಎತ್ತುವ ಆಕ್ಷೇಪ ಇದು, ಹಾಗಾಗಿ ಗಂಭೀರವಾಗಿ ನೋಡಬೇಕು. ಕರ್ನಾಟಕದಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವತ್ತತೆ ದರ 1.7. ಹೀಗಿರುವಾಗ ಹೊಸ ಶಾಲೆ ಕಟ್ಟುವುದು ದುಂದುವೆಚ್ಚವಲ್ಲವೇ? ದರ ನಿಜ. ಮುಂದೆ ರಾಜ್ಯದಲ್ಲಿ ಒಟ್ಟು ಮಕ್ಕಳ ಸಂಖ್ಯೆ ಇಳಿಯುವುದೂ ನಿಜ. ಆದರೆ ಮಕ್ಕಳು ರಾಜ್ಯದ ಸರಾಸರಿಯಲ್ಲಿ ವಾಸಿಸುವುದಿಲ್ಲ. ತೀರ್ಥಹಳ್ಳಿಯ ಕಡೆ ಖಾಲಿಯಾದ ಬೆಂಚು ಮಹದೇವಪುರದ ಮಗುವಿನ ಉಪಯೋಗಕ್ಕೆ ಬಾರದು. ರಾಜ್ಯದ ಒಟ್ಟು ಅಂಕಿ ತೆಗೆದುಕೊಂಡು, ಒಟ್ಟು ಶಾಲೆಗಳಿಂದ ಭಾಗಿಸಿ, 'ನಮ್ಮಲ್ಲಿ ಶಾಲೆಗಳು ಬೇಕಾದ್ದಕ್ಕಿಂತ ಹೆಚ್ಚಿವೆ' ಎನ್ನುವುದು ಲೆಕ್ಕ ಬಲ್ಲವರ ಮೋಸ. ಹಳ್ಳಿಯಲ್ಲಿ ಮಕ್ಕಳಿಲ್ಲವೆಂದು ಶಾಲೆ ವಿಲೀನ ಮಾಡುವವರು, ಆ ಮಕ್ಕಳು ಹೋದ ಊರಿನಲ್ಲಿ ಶಾಲೆ ತೆರೆಯಬೇಕಿತ್ತು. ಅಲ್ಲಿ ಕೇಳಿದರೆ ದಾಖಲಾತಿ ಇಲ್ಲ ಎನ್ನುತ್ತಾರೆ. ಯಾದಗಿರಿಯಲ್ಲಿ ಕಡಿಮೆಯಾದ ಮಗು ಬೆಂಗಳೂರಿನಲ್ಲಿ ಹೆಚ್ಚಾಗುವುದೇ ಇಲ್ಲ. ಎರಡು ಕಡತಗಳ ನಡುವೆ ಎಲ್ಲೋ ರೈಲಿನಲ್ಲಿ ಉಳಿದುಬಿಡುತ್ತದೆ.

ಇಂಗ್ಲಿಷ್ ಮಾಧ್ಯಮದ ವ್ಯಾಮೋಹದಿಂದ ಸರ್ಕಾರಿ ಶಾಲೆ ಖಾಲಿಯಾಗಿದೆ ಎಂಬ ವಾದಕ್ಕೆ ನಮ್ಮ ಸಾಹಿತ್ಯ ವಲಯದಲ್ಲಿ ಮಾನ್ಯತೆ ಹೆಚ್ಚು. ಈ ಚರ್ಚೆಯಲ್ಲಿ ನಾವು ಎಷ್ಟು ದಶಕ ಕಳೆದೆವು! ಮಾಧ್ಯಮದ ಪ್ರಶ್ನೆ ಸಣ್ಣದಲ್ಲ. ಆದರೆ 2019-20ರಲ್ಲಿ ಸರ್ಕಾರ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ಹಲವು ಕಡೆ ಸೀಟಿಗಾಗಿ ಪೋಷಕರು ಸಾಲು ನಿಂತರು. ಅವರು ದೂರವಿಟ್ಟಿದ್ದದ್ದು ಸರ್ಕಾರಿ ಎಂಬುದನ್ನಲ್ಲ ಎಂದಾಯಿತಲ್ಲ. ಆಮೇಲೆ ಕೋವಿಡ್ ಬಂತು. ಗ್ರಾಮೀಣ ಭಾರತದಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 64.3, 2021ರಲ್ಲಿ ಶೇ. 70.3 ಎಂದು ಅಸರ್ ವರದಿ ಹೇಳಿತು. ಫೀಸು ಕಟ್ಟಲಾರದ ಅಪ್ಪ ಅಮ್ಮಂದಿರು ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದರು. ತರಲು ಹಳ್ಳಿಯಲ್ಲಿ ಶಾಲೆ ಇತ್ತು. ಅದರಲ್ಲಿ ಖಾಲಿ ಬೆಂಚುಗಳಿದ್ದವು, ದುಂದು ಎಂದು ನಾವು ಕರೆಯುವ ಅದೇ ಬೆಂಚುಗಳು. ಕೆಲಸ ಕಳೆದುಕೊಂಡ ನಗರದ ಸೆಕ್ಯೂರಿಟಿ ಗಾರ್ಡ್ ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು?

ಕನ್ನಡ ಶಾಲೆ ಉಳಿಸಿ ಎಂದು ಸಹಿ ಸಂಗ್ರಹಿಸುವ ಹಿರಿಯ ಲೇಖಕರಲ್ಲಿ ನನ್ನದೊಂದು ಕೋರಿಕೆ. ಕನ್ನಡ ಬಾರದ ಮನೆಯ ಸಾವಿರಾರು ಮಕ್ಕಳು ಈ ನಗರದಂಚಿನಲ್ಲಿ ಕನ್ನಡ ಕಲಿಯುವುದಕ್ಕಿರುವ ಒಂದೇ ಜಾಗ ಆ ನಲಿ-ಕಲಿ ಕೋಣೆ. ನಾನು ನೋಡಿದ ಕೋಣೆಯಲ್ಲಿ ಮುರ್ಶಿದಾಬಾದ್ ಕಡೆಯ ಹುಡುಗಿಯೊಬ್ಬಳು ಯಾದಗಿರಿಯ ಹುಡುಗನಿಗೆ ಒತ್ತಕ್ಷರ ತಿದ್ದುತ್ತಿದ್ದಳು. ಅಂಥ ಕೋಣೆಗಳು ಇನ್ನೂ ಬೇಕು ಎಂದು ಒಂದು ಮನವಿಯೂ ಹೊರಡುವುದಿಲ್ಲವಲ್ಲ?

ಏನು ಮಾಡಬಹುದು ಎಂದರೆ ಹೊಸದಾಗಿ ಕಂಡುಹಿಡಿಯುವುದೇನೂ ಇಲ್ಲ. ನೆಲ ಸಿಗುವವರೆಗೆ ದೆಹಲಿಯ ಸರ್ಕಾರಿ ಶಾಲೆಗಳಂತೆ ಒಂದೇ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ ನಡೆಸಬಹುದು. ಅದು ಒಳ್ಳೆಯ ವ್ಯವಸ್ಥೆಯೇನಲ್ಲ, ಶೆಡ್ಡಿನಲ್ಲಿ ಕೂರುವುದಕ್ಕಿಂತ ವಾಸಿ. ಮುಂದಿನ ಬಡಾವಣೆಗಳಲ್ಲಿ ಸೈಟು ಹಂಚುವ ಮೊದಲೇ ಶಾಲೆಯ ನೆಲ ಇಲಾಖೆಯ ಹೆಸರಿಗೆ ನೋಂದಣಿಯಾಗಬೇಕು, ಸಿಎ ಸೈಟಿನ ಹಂಚಿಕೆಯ ಗುಂಪಿನಲ್ಲಿ ಅದು ಸೇರಲೇಬಾರದು. ನಿಯಮದಲ್ಲಿ ದೂರದ ಜೊತೆಗೆ ಸೀಟುಗಳ ಸಂಖ್ಯೆಯೂ ಬರಬೇಕು. ಒಂದರಿಂದ ಐದನೆಯ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಕಾಯ್ದೆಯೇ ಹೇಳಿರುವಾಗ, ಒಂದು ವಾರ್ಡಿನ ಮಕ್ಕಳಿಗೆ ಎಷ್ಟು ಕೊಠಡಿ ಬೇಕೆಂದು ಲೆಕ್ಕ ಹಾಕುವುದು ಹೈಸ್ಕೂಲು ಹುಡುಗರೂ ಮಾಡಬಲ್ಲ ಕೆಲಸ.

ಅದಕ್ಕೆ ಮೊದಲು ವಾರ್ಡಿನಲ್ಲಿ ಮಕ್ಕಳು ಎಷ್ಟಿದ್ದಾರೆಂದು ಗೊತ್ತಿರಬೇಕು. 2021ರ ಜನಗಣತಿ ನಡೆಯಲಿಲ್ಲ, ಮುಂದಿನದ್ದು 2027ಕ್ಕೆ. 2031ಕ್ಕೆ ಬೆಂಗಳೂರಿನ ಜನ ಎರಡು ಕೋಟಿ ದಾಟುತ್ತಾರೆ ಎಂದು ಹೇಳಿದ ಮಹಾನಕ್ಷೆಯ ಕರಡು 2017ರಲ್ಲಿ ಬಂದದ್ದು ಜಾರಿಗೇ ಬರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಐದಕ್ಕೂ 9ನೇ ಕಲಮಿನ ಬಾಧ್ಯತೆ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಮಿತಿ 150 ಪದ, ಒಂದು ಅರ್ಜಿಗೆ ಒಂದೇ ವಿಷಯ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನಲ್ಲಿ ಇರುವವರು ಬಹಳ ಮಂದಿ ಎಂದುಕೊಂಡಿದ್ದೇನೆ. ನಿಮ್ಮ ವಾರ್ಡಿನಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆಯ ಪ್ರತಿ ಕೊಡಿ ಎಂದು ಕೇಳಿ. ಇನ್ನೊಂದು ಅರ್ಜಿಯಲ್ಲಿ, ಅದೇ ವಾರ್ಡಿನ ಸಿಎ ಸೈಟುಗಳ ಪಟ್ಟಿ, ಅವು ಯಾರ ಹೆಸರಿಗೆ ಯಾವ ವರ್ಷ ಗುತ್ತಿಗೆಗೆ ಹೋದವು, ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಬಿಡಿಎಯನ್ನು ಕೇಳಿ. ತೊಂಬತ್ತರ ದಶಕದಲ್ಲಿ 30 ವರ್ಷಕ್ಕೆ ಕೊಟ್ಟವುಗಳ ಅವಧಿ ಈಗ ಮುಗಿಯುತ್ತಿದೆ.